ಮಾಸಾತನ ಕೈ ಪಳಗುತ್ತಿದೆ

ತೋಚಿನ್ ಅಜ್ಜ ಕಟ್ಟಿನಿಂದ ಒಂದು ಅಲಗನ್ನು ತೆಗೆದು ಬಿಸಿಲಿಗೆ ಹಿಡಿದು ನೋಡಿದ. ಹಸಿರು ಗಾಜುಕಲ್ಲಿನ ಅಲಗು, ಬುಡದಿಂದ ತುದಿಯವರೆಗೂ ಒಂದೇ ಸಮನಾಗಿತ್ತು. ಎದುರಿಗೆ ಕುಳಿತಿದ್ದ ತ್ಲಾಕೊ ಪಾದಗಳನ್ನು ಲಂಗದೊಳಕ್ಕೆ ಎಳೆದುಕೊಂಡಳು.

“ಇದೂ ನಿನ್ನ ಗಂಡ ಮಾಡಿಟ್ಟು ಹೋಗಿದ್ದೇನಾ?”

“ಹೂಂ ಅಜ್ಜ. ಮೂಲೆ ಬುಟ್ಟೀಲಿತ್ತು. ಇದೇ ಕೊನೇ ಕಟ್ಟು.”

“ಮಾಸಾತ್ ತೀರಿಕೊಂಡಾಗ ಮುಸುಕಿನ ಜೋಳ ಇನ್ನೂ ಬಿತ್ತಿರ್ಲಿಲ್ಲ. ಈಗ ತೆನೆ ಮುರಿದಾಯ್ತು. ಬದುಕಿದ್ದಾಗ ಅವನ ಅಲಗು ನಾಯಿಬಾಲದ ಹಾಗೆ ಡೊಂಕಾಗಿರ್ತಿತ್ತು. ಸತ್ತ ಮೇಲೆ ಕೈ ಪಳಗ್ತಾ ಇದೆಯಲ್ಲಮ್ಮಾ!”

ಪಕ್ಕದ ಚಾಪೆಯಲ್ಲಿ ಕಲ್ಲಿನಿಂದ ಅಲಗು ಎಬ್ಬಿಸುತ್ತಿದ್ದ ಓಸೆಲೊ ಗೊಳ್ಳೆಂದು ನಕ್ಕ. ತ್ಲಾಕೊಗೆ ನಗು ಬರಲಿಲ್ಲ. ಮನೆಯಲ್ಲಿದ್ದ ಕಲ್ಲು ಮುಗಿದಿತ್ತು. ಬೆಟ್ಟದಿಂದ ಬಂದ ಕಲ್ಲನ್ನು ಕೇರಿಗೆ ಹಂಚುವವನು ಈ ಅಜ್ಜನೇ. ಇವತ್ತು ಸಿಗದಿದ್ದರೆ ಎರಡು ಹೆಣ್ಣುಮಕ್ಕಳನ್ನು ಕಟ್ಟಿಕೊಂಡು ಯಾರದೋ ಮನೆಯಲ್ಲಿ ಜೋಳ ಅರೆಯಬೇಕು.

“ಇನ್ನೊಂದು ಗಾಜುಕಲ್ಲಿನ ಗಟ್ಟಿ ಕೊಡಿ ಅಜ್ಜ,” ಎಂದಳು ಮೆಲ್ಲಗೆ.

“ಯಾರಿಗೆ? ಅರೆಯೋ ಕಲ್ಲಿನ ಪಕ್ಕ ಇಟ್ಟುಕೊಳ್ಳೋಕಾ?” ಓಸೆಲೊ ಬಾಯಿ ಹಾಕಿದ. “ಕೆಲಸ ಮಾಡೋ ಗಂಡಸಿರೋ ಮನೆಗೆ ಮಾತ್ರ ಕಲ್ಲು. ಮೊದಲಿಂದ ಇದೇ ಪದ್ಧತಿ.”

ಅಜ್ಜ ಅವನ ಕಡೆ ತಿರುಗಲಿಲ್ಲ. “ಕಾಲು ತೋರಿಸು ಮಗಳೇ,” ಎಂದ.

ತ್ಲಾಕೊ ಲಂಗದ ಅಂಚನ್ನು ಇನ್ನಷ್ಟು ಕೆಳಕ್ಕೆ ಎಳೆದಳು. ಕಲ್ಲಿನ ಗಟ್ಟಿಯನ್ನು ಎರಡು ಪಾದಗಳ ನಡುವೆ ಅದುಮಿ ಹಿಡಿದು, ಮರದ ಕೊಕ್ಕೆಯಿಂದ ಒತ್ತಿ ಅಲಗು ಎಬ್ಬಿಸುವ ಕೆಲಸ ಅದು. ಸುಳ್ಳು ಹೇಳುವ ನಾಲಿಗೆ ಇದ್ದರೂ ಕಾಲು ಸುಳ್ಳು ಹೇಳುವುದಿಲ್ಲ. ಕೊನೆಗೆ ಲಂಗ ಸರಿಸಿದಳು. ಬೆರಳುಗಳ ತುಂಬ ಗೀರು. ಕೆಲವು ಇನ್ನೂ ಹಸಿಯಾಗಿದ್ದವು.

ಓಸೆಲೊನ ಕೈ ನಿಂತಿತು. “ಅಜ್ಜ, ಪದ್ಧತಿ...”

“ಗೊತ್ತಯ್ಯ. ಮಾಸಾತನ ಹೆಸರಲ್ಲೇ ಕಲ್ಲು ಕೊಡ್ತೀನಿ. ಸತ್ತವನು ಕೆಲಸ ಮಾಡಬಾರದು ಅಂತ ಯಾವ ಹಿರಿಯನೂ ಹೇಳಿಲ್ಲ. ನೀನು ಮೊದಲು ಅವನಷ್ಟು ನೆಟ್ಟಗೆ ಒಂದು ಅಲಗು ತೆಗೆದು ತೋರಿಸು.”

ಓಸೆಲೊ ಮತ್ತೆ ಕೊಕ್ಕೆ ಒತ್ತತೊಡಗಿದ. ಅಜ್ಜ ರಾಶಿಯಲ್ಲಿ ಹುಡುಕಿ, ಬಿರುಕಿಲ್ಲದ ಗಟ್ಟಿಯೊಂದನ್ನು ತ್ಲಾಕೊಳ ಮಡಿಲಿಗೆ ಹಾಕಿದ. ಆಮೇಲೆ ಬಗ್ಗಿ, ತನ್ನ ಪಾದಗಳಿಗೆ ಸುತ್ತಿಕೊಂಡಿದ್ದ ಜಿಂಕೆ ಚರ್ಮದ ಪಟ್ಟಿಗಳನ್ನು ಒಂದೊಂದಾಗಿ ಬಿಚ್ಚಿದ.

“ಇದನ್ನ ನಿನ್ನ ಗಂಡನಿಗೆ ಕೊಡು. ಕಾಲಿಗೆ ಸುತ್ತಿಕೊಂಡೇ ಕೂತ್ಕೊಳ್ಳೋಕೆ ಹೇಳು. ಸತ್ತವನ ಕಾಲಿಂದ ಇಷ್ಟೊಂದು ರಕ್ತ ಬರಬಾರದು.”