ಐದು ಲ್ಯಾಬ್ ಪಾಸ್ ಮಾಡಿದ ಹಗ್ಗ

ಸ್ವಲ್ಪ ಪುರುಸೊತ್ತು ಮಾಡಿಕೊಂಡು ಓದಿ... ಅರ್ಧಕ್ಕೇ ಬಿಟ್ಟು ಫಾರ್ವರ್ಡ್ ಮಾಡಬೇಡಿ.

ಧಾರವಾಡದ ಒಂದು ಸಣ್ಣ ಲ್ಯಾಬಿನಲ್ಲಿ ನೀಲಾಂಬಿಕಾ ಎಂಬ ವಿಜ್ಞಾನಿ ಇದ್ದರು. ಹೊಸ ಹೊಸ ವಸ್ತುಗಳನ್ನು ಎಳೆದು, ಬಗ್ಗಿಸಿ, ಮುರಿದು, ಅವುಗಳ ತಾಕತ್ತು ಎಷ್ಟೆಂದು ನೋಡುವುದೇ ಅವರ ಕೆಲಸ.

ಆ ವರ್ಷ ನಮ್ಮ ದೇಶದಲ್ಲೇ ಒಂದು ಹೊಸ ನಾರು ತಯಾರಾಗಿತ್ತು. ಹತ್ತಿಯಷ್ಟು ಹಗುರ, ಉಕ್ಕಿಗಿಂತ ಗಟ್ಟಿ... ಇನ್ನು ಹೊರದೇಶದವರ ಮುಂದೆ ಕೈಚಾಚಬೇಕಿಲ್ಲ ಎಂದು ಎಲ್ಲರಿಗೂ ಹಿಗ್ಗೋ ಹಿಗ್ಗು!

ಅದರಿಂದ ಮೊದಲು ಮಾಡಿದ್ದು, ಕರೆಂಟಿನ ಟವರ್ ಹತ್ತುವ ಲೈನ್‌ಮನ್‌ಗಳು ಸೊಂಟಕ್ಕೆ ಕಟ್ಟಿಕೊಳ್ಳುವ ಸೇಫ್ಟಿ ಹಗ್ಗ.

ಪರೀಕ್ಷೆಗೆಂದೇ ದೇಶದ ಐದು ಲ್ಯಾಬ್ ಸೇರಿಸಿ ಒಂದು ನೆಟ್‌ವರ್ಕ್ ಮಾಡಿದ್ದರು. ಒಂದೇ ಹಗ್ಗದ ತುಂಡುಗಳು ಐದೂ ಕಡೆ ಹೋಗಬೇಕು. ಒಬ್ಬರ ರಿಸಲ್ಟ್ ಇನ್ನೊಬ್ಬರು ನೋಡಬಾರದು... ಒಬ್ಬರು ತಪ್ಪಿದರೆ ಇನ್ನೊಬ್ಬರು ಹಿಡಿಯಲಿ ಎಂದು ಈ ನಿಯಮ.

ಆದರೆ ಐದೂ ಲ್ಯಾಬಿನವರದೊಂದು ವಾಟ್ಸಾಪ್ ಗ್ರೂಪ್ ಇತ್ತಲ್ಲ!

ಬೆಂಗಳೂರಿನ ದೊಡ್ಡ ಸಂಸ್ಥೆಯೊಂದರ ಡಾ. ಅನಂತಶಯನ ಎಲ್ಲರಿಗಿಂತ ಮೊದಲು ಮೆಸೇಜ್ ಹಾಕಿದರು. "ಎಲ್ಲ ಟೆಸ್ಟ್‌ನಲ್ಲೂ ಪಾಸ್. ಅಭಿನಂದನೆಗಳು!" ಹಿಂದೆಯೇ ಚಪ್ಪಾಳೆಯ ಸುರಿಮಳೆ...

ಇತ್ತ ನೀಲಾಂಬಿಕಾ ಒಣ ಹಗ್ಗ ಎಳೆದರು. ಜಗ್ಗಲಿಲ್ಲ. ನೀರಿನಲ್ಲಿ ನೆನೆಸಿಟ್ಟು ಎಳೆದರು... ಅರ್ಧ ಭಾರಕ್ಕೇ ಪಟ್ಟನೆ ಹರಿಯಿತು.

ಮತ್ತೊಂದು ತುಂಡು ತೆಗೆದುಕೊಂಡರು. ಅದೂ ಅಷ್ಟೇ.

"ಅಂಗಡಿ ಸರ್, ಇದ್ಯಾಕೋ ಸರಿ ಅನಸವಲ್ದು," ಎಂದು ಅಂಗಡಿ ಎಂಬ ಸಹೋದ್ಯೋಗಿಗೆ ತೋರಿಸಿದರು.

"ಏ ಬಿಡ್ರಿ ಮೇಡಂ, ನಮ್ಮ ಮಷೀನ ಹಳೇದು. ಅಂಥಾ ದೊಡ್ಡವರ ಪಾಸ್ ಅಂದಾರ... ನಾವೊಬ್ಬರ ಅಡ್ಡ ಬಂದ್ರ, ದೇಶದ ಕೆಲಸಕ್ಕ ಕಲ್ಲ ಹಾಕಿದ್ರು ಅಂತಾರ."

ನೀಲಾಂಬಿಕಾಗೂ ಹಾಗೇ ಅನ್ನಿಸಿತು. ಬೆಂಗಳೂರಿನವರಿಗೆ ಕಾಣದ್ದು ತನಗೆ ಕಂಡೀತೇ? ನಾಳೆ ತನ್ನದೇ ತಪ್ಪು ಎಂದಾದರೆ ನಾಲ್ಕು ಜನರ ಮುಂದೆ ನಗೆಪಾಟಲು...

"ಪಾಸ್" ಎಂದು ಕಳಿಸಿಬಿಟ್ಟರು. ಉಳಿದ ಮೂರು ಲ್ಯಾಬಿನಿಂದಲೂ ಪಾಸ್ ಬಂತು. ಅಬ್ಬಾ, ಸದ್ಯ ಬಾಯಿ ಬಿಡದೆ ಇದ್ದದ್ದು ಒಳ್ಳೆಯದಾಯಿತು ಎಂದು ನಿಟ್ಟುಸಿರು ಬಿಟ್ಟರು.

ಮಳೆಗಾಲ ಬಂತು...

ಗದಗಿನ ಹತ್ತಿರ ಮೌನೇಶ ಎಂಬ ಲೈನ್‌ಮನ್ ಟವರ್ ಮೇಲೆ ಕಾಲು ಜಾರಿದ. ಹಗ್ಗ ಅವನನ್ನು ಹಿಡಿಯಬೇಕಿತ್ತು. ನೆನೆದ ಹಗ್ಗ ಹರಿಯಿತು. ಆಸ್ಪತ್ರೆಗೆ ಒಯ್ಯುವಷ್ಟೂ ಜೀವ ಉಳಿದಿರಲಿಲ್ಲ.

ಹುಬ್ಬಳ್ಳಿಯಲ್ಲಿ ವಿಚಾರಣೆ ನಡೆಯಿತು. ಐದೂ ಲ್ಯಾಬಿನ ವಿಜ್ಞಾನಿಗಳನ್ನು ಕರೆಸಿದ್ದರು. ಎದುರಿಗೆ ಮೌನೇಶನ ಹೆಂಡತಿ ಸುವರ್ಣಾ ಕೂತಿದ್ದಳು. ಮದುವೆಯಾಗಿ ಇನ್ನೂ ವರ್ಷ ತುಂಬಿರಲಿಲ್ಲ.

ಅಧಿಕಾರಿಗಳು ಏನೇನೋ ಕೇಳಿದರು. ಕೊನೆಗೆ ಅವಳು ಬಾಯಿ ತೆರೆದಳು.

"ಐದು ಕಡೆ ನೋಡ್ಯಾರ, ಇನ್ನೇನ ಭಯ ಇಲ್ಲ ಅಂತ ಹೇಳಿ ಕಟ್ಟಿಕೊಂಡ ಹೋಗಿದ್ರು ರೀ ನಮ್ಮನಿಯವ್ರು... ಐದು ಮಂದ್ಯಾಗ ಒಬ್ಬರಿಗೂ ಗೊತ್ತಾಗಲಿಲ್ಲೇನ್ರೀ?"

ನೀಲಾಂಬಿಕಾ ಎದ್ದು ನಿಂತರು. "ನನಗ ಗೊತ್ತಿತ್ತವಾ ತಂಗಿ... ನನ್ನ ಕಣ್ಣ ಮುಂದನ ಹರೀತು. ನಂದ ತಪ್ಪು ಅನ್ಕೊಂಡು ಸುಮ್ಮನಾದೆ."

ಪಕ್ಕದಲ್ಲಿದ್ದ ಇನ್ನೊಂದು ಲ್ಯಾಬಿನವರು ಅವರನ್ನೇ ನೋಡಿದರು. "ನಿಮಗೂ ಹರೀತಾ?" ಎಂದರು. ಅವರಾಚೆ ಇದ್ದವರು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು. "ನಮ್ಮಲ್ಲೂ..." ನಾಲ್ಕನೆಯ ಲ್ಯಾಬಿನವರೂ ಹೌದೆಂದು ತಲೆಯಾಡಿಸಿದರು.

ನಾಲ್ಕೂ ಜನ ಸತ್ಯ ಕಂಡಿದ್ದರು! ಪ್ರತಿಯೊಬ್ಬರೂ, ತಮ್ಮೊಬ್ಬರದೇ ತಪ್ಪಿರಬೇಕು ಎಂದುಕೊಂಡಿದ್ದರು.

ಎಲ್ಲರೂ ಅನಂತಶಯನರ ಕಡೆ ತಿರುಗಿದರು. ಆ ಹಿರಿಯ ಮನುಷ್ಯನ ಕಣ್ಣಲ್ಲಿ ನೀರು.

"ನಾನು ನೆನೆಸಿ ನೋಡ್ಲೇ ಇಲ್ಲಮ್ಮ... ಅವಸರ ಇತ್ತು. ಹೇಗೂ ಇನ್ನೂ ನಾಲ್ಕು ಜನ ಇದಾರಲ್ಲ, ಏನಾದ್ರೂ ಇದ್ರೆ ಅವರು ಹೇಳ್ತಾರೆ ಅಂದ್ಕೊಂಡೆ."

ಸುವರ್ಣಾ ಒಬ್ಬೊಬ್ಬರ ಮುಖವನ್ನೂ ನೋಡಿದಳು. "ಒಬ್ಬರರ ಬಾಯಿ ಬಿಟ್ಟಿದ್ರ..." ಎಂದಳು. ಮುಂದಿನ ಮಾತು ಅಳುವಿನಲ್ಲಿ ಹೋಯಿತು.

ನೀಲಾಂಬಿಕಾ ತಡೆಯಲಾರದೆ ಅವಳ ಕಾಲು ಹಿಡಿಯಲು ಬಗ್ಗಿದರು.

ಅವಳು ಗಾಬರಿಯಿಂದ ಹಿಂದೆ ಸರಿದಳು. "ಕಾಲಿಗೆ ಬಿದ್ರ ಅವ್ರು ಬರ್ತಾರೇನ್ರಿ ಅಕ್ಕಾರ? ಅದೇ ಹಗ್ಗ ಕಟ್ಟಿಕೊಂಡು ಎಷ್ಟ ಮಂದಿ ಮ್ಯಾಲ ಅದಾರೋ... ಹೊರಗ ಮಳಿ ಬರಾಕತ್ತೈತಿ. ಮದಲ ಫೋನ್ ಹಚ್ರಿ... ಅವರನ್ನ ಕೆಳಗ ಇಳಸ್ರಿ!"

ನೀಲಾಂಬಿಕಾ ಫೋನ್ ತೆಗೆದರು...

*ಎಲ್ಲರೂ ಹೂಂ ಅನ್ನುವಾಗಲೂ ನಿಮ್ಮ ಕಣ್ಣಿಗೆ ಕಂಡದ್ದನ್ನು ಹೇಳಿಬಿಡಿ... ಪಕ್ಕದವರೂ ಅದನ್ನೇ ಕಂಡು ಸುಮ್ಮನಿರಬಹುದು.*

ನಗೆಪಾಟಲಾದೇನೆಂದು ನೀವು ನುಂಗಿಕೊಂಡ ಒಂದು ಮಾತು, ಇವತ್ತು ಯಾರ ಸೊಂಟದ ಹಗ್ಗವಾಗಿದೆ... ಯೋಚಿಸಿದ್ದೀರಾ?