ಊದಿನಕಡ್ಡಿಯ ಹಿಂದಿನ ವಾಸನೆ

ಫೋನುಗಳು ಮಾತಿನ ಜೊತೆ ವಾಸನೆಯನ್ನೂ ಹೊತ್ತು ತರತೊಡಗಿದ ಮೇಲೆ ನೀಲಾಂಬಿಕೆಗೆ ಮೋಸಗಾರರನ್ನು ಗುರುತಿಸುವುದು ಸಲೀಸಾಗಿತ್ತು. ತೊಟ್ಟಿಲು ಮಾರಾಟಕ್ಕಿದೆ ಎಂದು ಆನ್‌ಲೈನಿನಲ್ಲಿ ಹಾಕಿದ ಕೂಡಲೇ ಒಬ್ಬ ಕರೆ ಮಾಡಿದ.

"ಸೈನಿಕ ಅದೀನ್ರಿ, ಗಡಿಯೊಳಗ, ಹಿಮದಾಗ. ಕೋಡ್ ಸ್ಕ್ಯಾನ್ ಮಾಡ್ರಿ, ರೊಕ್ಕ ಬರ್ತೈತಿ."

ಊದಿನಕಡ್ಡಿಯ ಘಮದ ಹಿಂದೆ ಮಿರ್ಚಿ ಭಜಿ ಕರಿಯುವ ಎಣ್ಣೆಯ ವಾಸನೆ ಅಡಗಿತ್ತು.

"ಊದಿನಕಡ್ಡಿ ಹಚ್ಚಿ ಮಾತಾಡೋರ ಜೋಡಿ ನಾ ವ್ಯವಹಾರ ಮಾಡೂದಿಲ್ಲ" ಎಂದು ಅವಳು ಫೋನ್ ಇಟ್ಟಳು.

ಮುಂದಿನ ಕರೆಯಲ್ಲಿ ಬಜೆ, ಹಾಲು, ಎಳೆಗೂಸಿನ ವಾಸನೆ. ಅವಳಿಗೆ ನಂಬಿಕೆ ಬಂತು. "ತೊಟ್ಟಿಲಾ ಗಟ್ಟಿಮುಟ್ಟ ಐತಿ, ಒಯ್ರಿ."

ಆ ಕಡೆಯ ಬಾಣಂತಿ ಮೂಗೆಳೆದು ವಾಸನೆ ನೋಡಿದಳು. "ಅಕ್ಕಾರ, ನೀವ್ಯಾಕ ಊದಿನಕಡ್ಡಿ ಹಚ್ಚೀರಿ?"

ನೀಲಾಂಬಿಕೆ ತೊಟ್ಟಿಲ ಕಡೆ ನೋಡಿದಳು. ಬಿರುಕು ಮುಚ್ಚಲು ಬೆಳಿಗ್ಗೆ ಬಳಿದ ವಾರ್ನಿಷ್ ಇನ್ನೂ ಹಸಿಯಾಗಿತ್ತು.