ಸಾಹೇಬರು ಕೊಟ್ಟ ಗಡಿಯಾರ

ಮೊನ್ನೆ ಯಾರೋ ದೊಡ್ಡ ನಾಯಕರ ಚಿನ್ನದ ಕೈಗಡಿಯಾರ ಹರಾಜಾದ ಸುದ್ದಿ ಓದುವಾಗ ಸವದತ್ತಿಯ ನಮ್ಮ ಮನೆಯ ಒಂದು ಮಧ್ಯಾಹ್ನ ನೆನಪಾಯಿತು.

ಅಜ್ಜ ಹೆಸರಾಂತ ಮುತ್ಸದ್ದಿಯೊಬ್ಬರ ಕಾರು ಓಡಿಸುತ್ತಿದ್ದ. ಅವರು ತಮ್ಮ ಕೈಯಿಂದಲೇ ಬಿಚ್ಚಿಕೊಟ್ಟ ಚಿನ್ನದ ಗಡಿಯಾರವನ್ನು ಅಜ್ಜ ನಮಗೆ ಮುಟ್ಟಲೂ ಬಿಡುತ್ತಿರಲಿಲ್ಲ. ಆದರೆ ಸಣ್ಣತ್ತೆಯ ಮದುವೆಯಲ್ಲಿ ಗಂಡಿನವರು ಅದನ್ನೇ ಕೇಳಿದಾಗ, ಅಳಿಯನ ಕೈಗೆ ತಾನೇ ಕಟ್ಟಿದ. ಆಮೇಲೆ ಅತ್ತೆ ಅಳುತ್ತ ತವರಿಗೆ ಬಂದಾಗಲೆಲ್ಲ "ದೊಡ್ಡ ಮನಿತನ, ಹೊಂದಿಕೊಂಡು ಹೋಗವ್ವ" ಎಂದು ತಿರುಗಿ ಬಸ್ಸು ಹತ್ತಿಸುತ್ತಿದ್ದ.

ಆ ಮಧ್ಯಾಹ್ನ ಅವಳ ಹೆಣ ಬಂತು. ಕಾಲು ಜಾರಿ ಬಾವಿಗೆ ಬಿದ್ದಳು ಎಂದರು. ಪಡಸಾಲೆಯಲ್ಲಿ ವಿಭೂತಿ, ಊದಿನಕಡ್ಡಿ, ಒದ್ದೆ ಸೀರೆಯ ವಾಸನೆ ತುಂಬಿತ್ತು. ಕಂಬಕ್ಕೊರಗಿ ನಿಂತಿದ್ದ ಅಳಿಯನ ಕೈಯಲ್ಲಿ ಆ ಗಡಿಯಾರವಿತ್ತು.

ಅವನೆದುರು ಎಂದೂ ತಲೆಯೆತ್ತದ ಅಜ್ಜಿ ಎದ್ದು ಹೋಗಿ ಅವನ ಮುಂಗೈ ಹಿಡಿದಳು.

"ಬಿಚ್ರಿ."

ಅವನು ಬಿಚ್ಚಿಕೊಟ್ಟ. ಅಜ್ಜ ಮೆಲ್ಲಗೆ ಕೈ ಚಾಚಿ, "ಇತ್ತ ಕೊಡು" ಎಂದ.

"ನಿಮಗೂ ಇಲ್ಲರಿ. ಇದು ಆಕಿಂದು" ಎಂದಳು ಅಜ್ಜಿ.

ಅತ್ತೆಯ ಬಿಳುಚಿದ, ತೆಳ್ಳನೆಯ ಕೈಗೆ ಅದು ಸಡಿಲವಾಗಿತ್ತು. ಅಜ್ಜಿ ತನ್ನ ಸೆರಗಿನ ಅಂಚು ಹರಿದು, ಅದು ಜಾರದಂತೆ ಬಿಗಿದು ಕಟ್ಟಿದಳು. ಹಾಗೆಯೇ ಅತ್ತೆಯನ್ನು ಮಣ್ಣು ಮಾಡಿದರು.